ಭೋಮಿಯಾಜಿ ಇಳಿದು ಬಂದ ಸಂಜೆ

ದೇವರಿಗೆ ಕೊಟ್ಟಿದ್ದ ಪೇಟವನ್ನು ವಾಪಸು ತರುತ್ತೇನೆಂದು ಧಾಪೂ ಪುಷ್ಯದ ಚಳಿಯಲ್ಲಿ ಹೊರಟುಬಿಟ್ಟಳು. ಬಾಡಮೇರ್ ಕಡೆಯ ಆ ಊರಿನಲ್ಲಿ ಗಂಡ ಸತ್ತವಳು ಅಷ್ಟು ಬೇಗ ಹೊಸ್ತಿಲು ದಾಟುವಂತಿರಲಿಲ್ಲ. ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ತಡೆಯಲು ಬಂದ ನಾದಿನಿ ಗವರಾ ತಾನೂ ಹಿಂದೆಯೇ ಮರಳುದಿಬ್ಬ ಹತ್ತತೊಡಗಿದಳು.

"ಅತ್ತಿಗೆ, ದೇವ್ರಿಗೆ ಕೊಟ್ಟಿದ್ದನ್ನ ಯಾರಾದ್ರೂ ಕಿತ್ಕೊಂಡ್ ಬರ್ತಾರಾ?"

"ಕೆಲ್ಸ ಮಾಡ್ದೇ ಇರೋನಿಗೆ ಕೂಲಿ ಯಾಕೆ? ನಿಮ್ಮಣ್ಣನ್ನ ಉಳಿಸಪ್ಪಾ ಅಂತ ಮೊದ್ಲೇ ಕಟ್ಟಿದ್ದೆ. ಉಳಿಸಿದ್ನಾ?"



ದಿಬ್ಬದ ನೆತ್ತಿಯಲ್ಲಿ ಭೋಮಿಯಾಜಿ ಇದ್ದ. ಊರ ದನ ಬಿಡಿಸಲು ಹೋಗಿ ಕಳ್ಳರ ಕೈಯಲ್ಲಿ ಸತ್ತ ವೀರ. ಈಗ ಸಿಂಧೂರ ಬಳಿದ ಕಲ್ಲು. ಸುತ್ತಿದ್ದ ಕೆಂಪು ಪೇಟದ ತುದಿ ಹಿಡಿದು ಧಾಪೂ ಎಳೆದಳು. ಗಂಟು ಬಿಚ್ಚಿಕೊಳ್ಳಲಿಲ್ಲ. ಕಾಲೂರಿ ಜಗ್ಗಿದಳು. ದೇವರೇ ಬುಡಸಮೇತ ಎದ್ದು ಬಂದು, ಅವಳನ್ನು ಪಕ್ಕಕ್ಕೆ ಕೆಡವಿ, ದಡದಡ ಉರುಳುತ್ತ ಇಳಿಜಾರಿನಲ್ಲಿ ಹೊರಟುಹೋದ.

"ಅಯ್ಯಯ್ಯೋ, ಹಿಡಿ!" ಎಂದು ಗವರಾ ಕಿರುಚಿದಳು, ಮೇಕೆ ತಪ್ಪಿಸಿಕೊಂಡು ಓಡಿದಂತೆ.

ಹೊತ್ತು ಮುಳುಗುವ ಮೊದಲು ದೇವರನ್ನು ಜಾಗಕ್ಕೆ ಸೇರಿಸಬೇಕಿತ್ತು. ಒಬ್ಬಳು ಪೇಟ ಹಿಡಿದು ಎಳೆದಳು, ಇನ್ನೊಬ್ಬಳು ಹಿಂದಿನಿಂದ ಹೆಗಲು ಕೊಟ್ಟಳು. ನಾಲ್ಕು ಮಾರು ಏರಿದರೆ ಎರಡು ಮಾರು ಜಾರುತ್ತಿತ್ತು. ಧಾಪೂ ಉದ್ದಕ್ಕೂ ಬೈದಳು: "ನಿನ್ ಜಾಗ್ದಲ್ಲಿ ನಿನಗೇ ಕೂರೋಕಾಗಲ್ಲ, ನನ್ ಗಂಡನ್ನ ಹೇಗೆ ಹಿಡ್ಕೋತಿದ್ದೆ ನೀನು?"

ಅರ್ಧ ದಾರಿಯಲ್ಲಿ ಇಬ್ಬರಿಗೂ ಏದುಸಿರು ಬಂತು. ಕಲ್ಲು ಮತ್ತೆ ಉರುಳದಂತೆ ಧಾಪೂ ಅದಕ್ಕೆ ಬೆನ್ನು ಕೊಟ್ಟು ಕೂತಳು. ಪಡುವಣದಲ್ಲಿ ಸೂರ್ಯ ಮರಳಿಗೆ ತಾಗಿದ್ದ. ಕಾಲಡಿಯ ಮರಳು ಆಗಲೇ ತಣ್ಣಗಾಗಿತ್ತು. ಕಲ್ಲು ಮಾತ್ರ ಇಡೀ ದಿನದ ಬಿಸಿಲು ಕುಡಿದು ಬೆಚ್ಚಗಿತ್ತು, ಮಗ್ಗುಲಲ್ಲಿ ಮಲಗಿದ ಮನುಷ್ಯನ ಬೆನ್ನಿನಂತೆ. ಹೆಣ ಎತ್ತುವಾಗಲೂ ಅಳದಿದ್ದ ಧಾಪೂ ಅಲ್ಲಿ ಗೋಳೋ ಎಂದು ಅತ್ತಳು. ಗವರಾ ಅವಳ ತಲೆಗೆ ಸೆರಗು ಎಳೆದು ಪಕ್ಕದಲ್ಲಿ ಕೂತಳು.

ಕತ್ತಲಾಗತೊಡಗಿದಾಗ ಧಾಪೂ ಮೂಗು ಒರೆಸಿಕೊಂಡು, ಅಲ್ಲಿಯೇ ಗುಳಿ ತೋಡಿ ದೇವರನ್ನು ನಿಲ್ಲಿಸಿದಳು. ಪೇಟದ ಮರಳು ಕೊಡವಿ ಮತ್ತೆ ಸುತ್ತಿದಳು.

"ತಗೊಂಡ್ ಹೋಗ್ತೀನಂದ್ರಲ್ಲ?"

"ಚಳಿಯಿದೆ ಕಣೇ. ಇರ್ಲಿ ಬಿಡು."

ಬೆಳಿಗ್ಗೆ ಪೂಜಾರಿ ಬೊಬ್ಬೆ ಹಾಕುತ್ತ ಊರಿಗೆ ಓಡಿಬಂದ. ಭೋಮಿಯಾಜಿ ನಡೆದು ಅರ್ಧ ದಿಬ್ಬ ಇಳಿದಿದ್ದಾನೆ, ಅದೂ ಪೇಟ ಕಟ್ಟಿಕೊಂಡು! ಡೋಲು ಬಡಿದರು, ಬೆಲ್ಲ ಹಂಚಿದರು. ಮಂಡಿನೋವಿನ ಮುದುಕರ ಮೇಲಿನ ಕರುಣೆ ಎಂದರು ಮುದುಕರು. ಅತ್ತೆಯಂತೂ ಸೊಸೆಯನ್ನು ಗಂಡ ಸತ್ತಾಗಿನಿಂದ ಕೂರಿಸಿದ್ದ ಮೂಲೆಯಿಂದ ಎಬ್ಬಿಸಿದಳು: "ಅವನೇ ಅಷ್ಟು ದೂರ ಬಂದಿದಾನೆ. ಇನ್ಮೇಲೆ ಸಂಜೆ ದೀಪ ನೀನೇ ಹಚ್ಚಿ ಬಾ, ಹೋಗು."

ಆ ಸಂಜೆ ದಾರಿಯಲ್ಲಿ ಗವರಾ ನಗು ತಡೆಯಲಾರದೆ ಕೇಳಿದಳು: "ಅತ್ತಿಗೆ, ನೀವೂ ನಂಬ್ತೀರಾ? ಎಳ್ದು ಕೆಡವಿದ್ದು ನೀವೇ ಅಲ್ವಾ?"

"ಎಳ್ದಿದ್ದು ನಾನೇ," ಎಂದಳು ಧಾಪೂ. "ಬಂದಿದ್ದು ಅವನು."

ಗಾಳಿಗೆ ದೀಪ ಆರದಂತೆ ಸೆರಗು ಮರೆ ಮಾಡಿಕೊಂಡು ಅವಳು ಮುಂದೆ ಏರಿದಳು.