ಅತ್ತೆಯ ಹೆಸರಿನಲ್ಲಿ ನಡೆದ ನಡಿಗೆ

ಮೈಮೇಲೆ ದೇವರು ಬರುವುದು, ಮಾಟ ಮಾಡಿಸುವುದು, ಗಾಳಿ ಸೋಕುವುದು, ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ನಮ್ಮವ್ವ ನಮ್ಮೂರು ಕುರ್ಡಿಯ ಹೊಲಗಳಲ್ಲಿ ಕೂಲಿ ಮಾಡುತ್ತ ನನ್ನನ್ನು ಬೆಳೆಸಿದಳು. ಯಾವಳಾದರೂ ಕೂದಲು ಬಿಚ್ಚಿಕೊಂಡು ದೇವರು ಬಂತೆಂದು ಕುಣಿದರೆ, "ಅಕಿಗೆ ನಾಳಿ ಕಸ ತೆಗಿಯಾಕ ಹೋಗೋದು ಬ್ಯಾಡಾಗೇದ" ಎಂದು ಅವ್ವ ಎದ್ದು ಬರುತ್ತಿದ್ದಳು. ನನ್ನ ಬುದ್ಧಿಯೂ ಅದೇ ಅಚ್ಚಿನದು. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೆ ನಾನೂ ಎದ್ದು ಹೋಗುತ್ತಿದ್ದೆ. ನೀವು ಹೋದರೆ ನನಗೇನೂ ಸಿಟ್ಟಿಲ್ಲ.

ಮೊನ್ನೆ ಯಾರೋ ನನ್ನ ಮೊಮ್ಮಗಳ ಮುಂದೆ, ಪಾದಯಾತ್ರೆ ಮಾಡಿದವರಿಗೆ ಬಾಳಿನಲ್ಲಿ ಹೊಸ ದಾರಿ ತೆರೆಯುತ್ತದೆ ಎಂದರಂತೆ. ಆಕೆ ಬಂದು, "ಅಜ್ಜೀ, ನೀ ಶ್ರೀಶೈಲಕ್ಕ ನಡದೀಯಲ್ಲ, ನಿನಗ ತೆರೀತೇನು?" ಎಂದು ಕೇಳಿದಳು. ತೆರೆಯಿತು ಎಂದೆ. ಹೇಗೆ ಎಂದು ಕೂತು ಕೇಳುವಷ್ಟು ಪುರುಸೊತ್ತು ಆಕೆಗಿಲ್ಲ. ಅದಕ್ಕೆ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಎಪ್ಪತ್ತರ ದಶಕದ ಮಾತು. ನನ್ನನ್ನು ದೇವದುರ್ಗ ತಾಲೂಕಿನ ಜಾಲಹಳ್ಳಿಗೆ ಕೊಟ್ಟಿದ್ದರು. ಒಬ್ಬಳು ಮಗಳು ಹುಟ್ಟಿದ ಮೇಲೆ ನನಗೆ ಬಸಿರು ನಿಲ್ಲಲಿಲ್ಲ. ಅತ್ತೆಗೆ ಮೊಮ್ಮಗ ಬೇಕಾಗಿತ್ತು. ಗಂಡನಿಗೆ ಏನು ಬೇಕಾಗಿತ್ತೋ ಆತನೇ ಬಲ್ಲ. ತಾಯಿ ಹೇಳಿದ್ದಕ್ಕೆ ಹೂಂ ಎನ್ನುವುದೊಂದು ಆತನಿಗೆ ಚೆನ್ನಾಗಿ ಬರುತ್ತಿತ್ತು. ಸೋದರಮಾವನ ಮಗಳೊಬ್ಬಳನ್ನು ಆತನಿಗೆ ಎರಡನೆಯ ಸಂಬಂಧ ಮಾಡುವ ಮಾತು ನಾನು ರೊಟ್ಟಿ ಬಡಿಯುತ್ತಿರುವಾಗಲೇ, ನನ್ನ ಕಿವಿಗೆ ಬೀಳಲಿ ಎಂದೇ ನಡೆಯುತ್ತಿತ್ತು.

ಮೊಮ್ಮಗ ಹುಟ್ಟಿದರೆ ಸಾಕು, ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ಹತ್ತಿರ ನಡೆದು ಬರುತ್ತೇನೆ ಎಂದು ಅತ್ತೆ ಮೊದಲು ಹರಕೆ ಹೊತ್ತಿದ್ದಳು. ಹುಟ್ಟಲಿಲ್ಲ. ಮೊದಲೇ ನಡೆದರೆ ಮಲ್ಲಯ್ಯನಿಗೆ ನೆನಪಾಗಬಹುದು ಎಂದು ಯಾರೋ ಹೇಳಿದರು. ಹೊರಡುವ ದಿನ ಹತ್ತಿರ ಬಂದಾಗ ಆಕೆಗೆ ಮೊಣಕಾಲು ನೋವು ಶುರುವಾಯಿತು. ಆ ಮನೆತನದಲ್ಲಿ ಇದಕ್ಕೂ ಒಂದು ಪದ್ಧತಿ ಇತ್ತು. ಹರಕೆ ಹೊತ್ತವರಿಗೆ ಆಗದಿದ್ದರೆ ಮನೆಯವರು ಇನ್ನೊಬ್ಬರು ಅವರ ಹೆಸರಿನಲ್ಲಿ ನಡೆಯಬಹುದು. ಹರಕೆಯವರು ತಮ್ಮ ಸೀರೆಯ ಅಂಚು ಹರಿದು ನಡೆಯುವವರ ಸೊಂಟಕ್ಕೆ ಕಟ್ಟಬೇಕು. ಅವರು ತಿರುಗಿ ಬರುವತನಕ ಒಪ್ಪತ್ತು ಉಂಡು, ಹೊಸ್ತಿಲು ದಾಟದೆ ಮನೆಯೊಳಗೆ ಇರಬೇಕು. ನಡೆದವರು ಯಾರೇ ಆದರೂ ಫಲ ಮಾತ್ರ ಅಂಚು ಕಟ್ಟಿದವರದು.

ಅಂಚು ಕಟ್ಟುತ್ತ ಅತ್ತೆ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಬರಿಗಾಲಲೇ ನಡೀಬೇಕು ನೋಡು. ಮಲ್ಲಯ್ಯ ಕಣ್ಣು ತೆರದರ ನಿನ್ನ ಪುಣ್ಯ. ಬರೋ ವರ್ಷದ ಒಳಗ ಏನೂ ಆಗಲಿಲ್ಲಂದ್ರ ನನ್ನ ಮಗ ಮುದುಕ ಆಗೋತನಕ ಕಾಯಾಕ ಆಗಂಗಿಲ್ಲ."

"ಫಲ ನಿಮ್ಮದು ಅಂತೀರಿ, ಆಗಲಿಲ್ಲಂದ್ರ ತಪ್ಪು ನಂದೇನ್ರೀ?" ಎಂದೆ.

"ಬಾಯಿ ಒಂದು ಜೋರದ ನಿಂದು" ಎಂದು ಗಂಟು ಬಿಗಿದಳು.

ನಂಬಿಕೆ ಇದ್ದು ನಡೆದವಳಲ್ಲ ನಾನು. ಮಗಳನ್ನು ಕಟ್ಟಿಕೊಂಡು ಬೀದಿಗೆ ಬೀಳುವುದು ತಪ್ಪಲಿ ಎಂದು ನಡೆದೆ. ಮಗಳನ್ನು ಕುರ್ಡಿಯಲ್ಲಿ ನಮ್ಮವ್ವನ ಹತ್ತಿರ ಬಿಟ್ಟು ಬಂದು, ಊರಿನ ಕಂಬಿಯ ಹಿಂದೆ ಹೊರಟೆ. ಕಂಬಿ ಎಂದರೆ ಹೆಗಲ ಮೇಲೆ ಹೊರುವ ದೇವರ ಕೋಲು. ಅದನ್ನು ಹೊತ್ತ ಮುದುಕನನ್ನು ಎಲ್ಲರೂ ಕಂಬಿ ಅಜ್ಜ ಎನ್ನುತ್ತಿದ್ದರು. ದೇವದುರ್ಗದ ಮೇಲೆ ಹಾದು ರಾಯಚೂರಿನ ಕಡೆ ಹೊರಟೆವು. ಹೊತ್ತು ಏರಿದ ಮೇಲೆ ಡಾಂಬರು ಕರಗಿ ಅಂಗಾಲಿಗೆ ಅಂಟುತ್ತಿತ್ತು. ರಸ್ತೆ ಬಿಟ್ಟು ಎರೆ ಹೊಲಕ್ಕೆ ಇಳಿದರೆ ಹತ್ತಿ ಕಟಿಗೆಯ ಮೋಟುಗಳು.

ರಾಯಚೂರಿಗಿಂತ ಮೊದಲು ಸಿಗುವ ಕಲ್ಮಲ ಎಂಬ ಊರು ಮುಟ್ಟುವ ಹೊತ್ತಿಗೆ ನಮ್ಮ ಗುಂಪಿನಲ್ಲಿ ನೆಟ್ಟಗೆ ಕಾಲೂರುವವರು ಒಬ್ಬರೂ ಉಳಿದಿರಲಿಲ್ಲ. ಅಲ್ಲಿಯವರು ನಡೆದು ಬಂದವರಿಗೆ ಅಂಬಲಿ ಕೊಟ್ಟು, ಕಾಲಿಗೆ ಔಡಲೆಣ್ಣೆ ತಿಕ್ಕಿ ಕಳಿಸುತ್ತಾರೆ. ಬೇವಿನ ಗಿಡದ ಕೆಳಗೆ ಒಬ್ಬ ಮುದುಕಿ ಸೂಜಿ ದಾರ ಹಿಡಿದು ಕೂತಿದ್ದಳು. ಬೊಬ್ಬೆಯೊಳಗಿಂದ ದಾರ ಹಾಯಿಸಿ ತುದಿ ಹಾಗೇ ಬಿಟ್ಟರೆ ನೀರು ತಾನೇ ಇಳಿಯುತ್ತದೆ. ನನ್ನ ಪಾಳಿ ಬಂದಾಗ ಕಾಲು ನೀಡಿದೆ. ಆಕೆ ಒಂದು ಅಂಗಾಲು ಒರೆಸಿ ನೋಡಿದಳು, ಇನ್ನೊಂದನ್ನೂ ಒರೆಸಿ ನೋಡಿದಳು.

"ನೀ ಲಾರ್ಯಾಗ ಕುಂತು ಬಂದಿಯೇನ್ಬೇ?"

"ನಡದು ಬಂದೀನಿ."

"ಯಾರ ಕಾಲಲೆ?"

ಸುತ್ತ ಕೂತವರು ನೋವಿನಲ್ಲೂ ನಕ್ಕರು. ನಾನು ಆಗಲೇ ಮೊದಲ ಸಲ ನನ್ನ ಅಂಗಾಲು ತಿರುಗಿಸಿ ನೋಡಿಕೊಂಡದ್ದು. ಧೂಳು ಹೋದ ಮೇಲೆ ಅಲ್ಲಿ ಒಂದು ಗೀರೂ ಇರಲಿಲ್ಲ. ನೋವಂತೂ ಮೊದಲಿನಿಂದಲೂ ಇರಲಿಲ್ಲ. ಹೊಲದ ಕೆಲಸದ ಕಾಲು, ಗಟ್ಟಿ ಇದೆ ಎಂದುಕೊಂಡಿದ್ದೆ. ಆದರೆ ನನ್ನಂತೆಯೇ ಹೊಲದಲ್ಲಿ ಸವೆದ ಹೆಂಗಸರು ಪಕ್ಕದಲ್ಲಿ ಅಳುತ್ತ ಕೂತಿದ್ದರು.

ಅಲ್ಲಿಂದ ಮುಂದೆ ಗುಂಪಿನವರು ನನ್ನ ಮೇಲೆ ಒಂದು ಕಣ್ಣಿಟ್ಟರು. ಕಂಬಿ ಅಜ್ಜ ನನ್ನನ್ನು ತನ್ನ ಮುಂದೆಯೇ ನಡೆಸಿದ. "ಮಲ್ಲಯ್ಯಗ ಮೋಸ ಮಾಡಬ್ಯಾಡವ್ವಾ, ಮುಂದ ಅಡವಿ ಅದ" ಎನ್ನುತ್ತಿದ್ದ. ರಾಯಚೂರಿನಲ್ಲಿ ನಮ್ಮ ಗುಂಪು ಕೂಡಿಕೊಂಡ, ಮಾನ್ವಿಯ ಗುರವ್ವ ಎಂಬ ವಿಧವೆ ಮಾತ್ರ ನನ್ನ ಪಕ್ಕ ಬಿಡಲಿಲ್ಲ. ಆಕೆ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಅಕ್ಕಿ ಕೇರುವ ಕೆಲಸ ಮಾಡುತ್ತಿದ್ದಳು. "ಸುಮ್ ನಡಿ. ಇವರಿಗೆ ತಮ್ಮ ಕಾಲು ಹರದಿದ್ದಕ್ಕಿಂತ ನಿನ್ನ ಕಾಲು ಹರೀದಿದ್ದೇ ಭಾಳ ನೋವಾಗೇದ" ಎಂದಳು.

ಆಂಧ್ರದ ಊರುಗಳನ್ನು ದಾಟಿ ನಲ್ಲಮಲದ ಅಡವಿ ಹೊಕ್ಕೆವು. ಒಂದು ಮಧ್ಯಾಹ್ನ ಕಲ್ಲಿನ ಇಳಿಜಾರಿನಲ್ಲಿ ನನ್ನ ಎಡ ಹಿಮ್ಮಡಿಯೊಳಗೆ ದೊಡ್ಡ ಮುಳ್ಳು ಹೊಕ್ಕಿತು. ಹೊಕ್ಕದ್ದು ನನಗೆ ತಿಳಿಯಲಿಲ್ಲ. ಹಿಂದೆ ಬರುತ್ತಿದ್ದ ಗುರವ್ವ ಕಂಡು ನಿಲ್ಲಿಸಿದಳು. ಬಂಡೆಯ ಮೇಲೆ ಕೂತು ಕಿತ್ತೆವು. ಬೆರಳಿನ ಗೆಣ್ಣಿನಷ್ಟು ಒಳಗೆ ಹೋಗಿತ್ತು. ರಕ್ತ ಬರಲಿಲ್ಲ. ಕಿತ್ತ ಜಾಗವನ್ನು ಬೆರಳಿನಿಂದ ಹುಡುಕಿದರೆ ತೂತು ಸಿಗಲಿಲ್ಲ. ಗುರವ್ವ ಮುಳ್ಳನ್ನು ನೋಡಿದಳು, ನನ್ನ ಮುಖ ನೋಡಿದಳು, ಮುಳ್ಳು ಒಗೆದು, "ಯಾರ ಮುಂದೂ ಹೇಳಬ್ಯಾಡ" ಎಂದಳು. ನನಗೆ ಆಗ ಭಕ್ತಿ ಬರಲಿಲ್ಲ. ಹೆದರಿಕೆ ಬಂತು.

ಮಲ್ಲಯ್ಯನ ದರ್ಶನದ ವಿಚಾರ ಬರೆಯುವಂಥದ್ದೇನಿಲ್ಲ. ನೂಕುನುಗ್ಗಲಿತ್ತು. ನನಗಾಗಿ ಏನೂ ಬೇಡಿಕೊಳ್ಳಲಿಲ್ಲ, ಅತ್ತೆಯ ಹೆಸರು ಹೇಳಿ ಕೈಮುಗಿದು ಬಂದೆ. ತಿರುಗಿ ಬಸ್ಸಿನಲ್ಲಿ ಬಂದೆವು.

ಜಾಲಹಳ್ಳಿಯ ಮನೆ ಬಾಗಿಲಲ್ಲಿ ನನ್ನ ಕಾಲಿಗೆ ನೀರು ಹಾಕಬೇಕಾದವಳು ನಾದಿನಿ. ತಂಬಿಗೆ ಹಿಡಿದು ಬಂದವಳು ನೀರು ಹಾಕದೆ ನನ್ನ ಕಾಲು ನೋಡುತ್ತ ನಿಂತಳು. ಒಳಗೆ ಅತ್ತೆ ಕಂಬಳಿಯ ಮೇಲೆ ಮಲಗಿದ್ದಳು. ಎರಡೂ ಅಂಗಾಲಿಗೆ ಔಡಲ ಎಲೆ ಕಟ್ಟಿದ್ದರು. ನಾದಿನಿ ಎಲೆ ಬಿಚ್ಚಿ ತೋರಿಸಿದಳು. ಬೊಬ್ಬೆ ಎದ್ದು ಒಡೆದು ತೊಗಲು ಸುಲಿದಿತ್ತು. ಅವು ಮೊದಲು ಎದ್ದದ್ದು, ಲೆಕ್ಕ ಹಾಕಿದರೆ, ನಾವು ಕಲ್ಮಲ ಮುಟ್ಟಿದ ದಿನವೇ. ಎಡ ಹಿಮ್ಮಡಿಯಲ್ಲಿ ಒಂದು ತೂತಿತ್ತು. ಒಂದು ಮಧ್ಯಾಹ್ನ ಕೂತಲ್ಲೇ ಓಣಿಗೆಲ್ಲ ಕೇಳುವಂತೆ ಚೀರಿದಳಂತೆ, ನೋಡಿದರೆ ರಕ್ತ. ಹೊಸ್ತಿಲು ದಾಟಿರಲಿಲ್ಲ. ನೆಲ ಸಗಣಿಯಿಂದ ಸಾರಿಸಿದ್ದು, ಅಲ್ಲಿ ಮುಳ್ಳೆಲ್ಲಿಂದ ಬರಬೇಕು?

"ಏನು ಮಾಡಿ ಬಂದಿ ನಮ್ಮವ್ವಗ?" ಎಂದು ನನ್ನ ಗಂಡ ಕೇಳಿದ. ಅಷ್ಟು ವರ್ಷದಲ್ಲಿ ಆತ ತಾನಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

ದೇವದುರ್ಗದಿಂದ ಬಂದ ಡಾಕ್ಟರು ಸಕ್ಕರೆ ಕಾಯಿಲೆ ಇರಬಹುದು, ಅಂಥವರ ಕಾಲು ಹೀಗೆ ಹುಣ್ಣಾಗುತ್ತದೆ, ಅವರಿಗೆ ಅಂಗಾಲಿನ ನೋವು ತಿಳಿಯುವುದಿಲ್ಲ ಎಂದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅದನ್ನೇ ಎಲ್ಲರಿಗೂ ಹೇಳಿದೆ. ಆದರೆ ಅತ್ತೆಗೆ ನೋವು ತಿಳಿದಿತ್ತು. ಬೆಂಕಿಯಲ್ಲಿ ಇಟ್ಟಂತೆ ತಿಳಿದಿತ್ತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಆಕೆಯ ಎಲೆ ಬದಲಿಸುತ್ತಿದ್ದೆ. ಮಾಳಿಗೆ ನೋಡುತ್ತ ಮಲಗಿದ್ದವಳು ಕೇಳಿದಳು.

"ಅಡವ್ಯಾಗ ನಿನಗ ಮುಳ್ಳು ಚುಚ್ಚಿತ್ತಲ್ಲ?"

"ಹೂಂ."

"ಎಡಗಾಲಿಗೆ."

"ಹೂಂ ರೀ."

"ನೀ ಲಾರಿ ಹತ್ತಿಲ್ಲ. ನಡದೀ. ನನಗ ಗೊತ್ತದ" ಎಂದು ಕಣ್ಣು ಮುಚ್ಚಿದಳು.

ಆ ಸಂಜೆ ಊರಿನ ಹಿರಿಯರು ಬಂದು ಕೂತರು. ಕಂಬಿ ಅಜ್ಜನೂ ಬಂದಿದ್ದ. ನನ್ನ ಕಾಲು ತಿರುಗಿಸಿ ನೋಡಿದರು. ಮಾಟ ಮಾಡಿ ಅತ್ತೆಯ ಕಾಲು ತಿಂದವಳು ಎಂದು ನಾದಿನಿ ಹೇಳಿದಳು. ಕದ್ದು ಗಾಡಿ ಹತ್ತಿದ್ದಕ್ಕೆ ಮಲ್ಲಯ್ಯ ಸಿಟ್ಟಾಗಿದ್ದಾನೆ ಎಂದ ಕಂಬಿ ಅಜ್ಜ. ನಾನು ಅತ್ತೆಯ ಕಡೆ ನೋಡಿದೆ. ಬೆಳಿಗ್ಗೆ ನನಗೆ ಹೇಳಿದ್ದನ್ನು ಅಲ್ಲಿ ಒಂದು ಸಲ ಹೇಳಿದ್ದರೆ ಸಾಕಾಗಿತ್ತು. "ನೀವಾದ್ರೂ ಹೇಳ್ರಿ ಅತ್ತಿ" ಎಂದೆ. ಆಕೆ ಗೋಡೆಯ ಕಡೆ ಹೊರಳಿದಳು. ನೋಡಿದವರೆಲ್ಲ ಅದನ್ನೇ ಉತ್ತರ ಎಂದುಕೊಂಡರು.

ಇವಳು ಈ ಮನೆಯಲ್ಲಿ ಇರುವುದು ಬೇಡ ಎಂದು ಹಿರಿಯರು ಹೇಳಿ ಎದ್ದರು. ನಾನು ಕುರ್ಡಿಗೆ ಹೋದೆ. ನಮ್ಮವ್ವ ಕೂಲಿಯವಳು, ಎರಡು ಬಾಯಿ ಹೆಚ್ಚಾದರೆ ಆಕೆಗೆ ಕಷ್ಟ. ಕಷ್ಟ ಬಂದರೆ ಗಿರಣಿಗೆ ಬಾ ಎಂದು ದಾರಿಯಲ್ಲಿ ಗುರವ್ವ ಹೇಳಿದ್ದ ಮಾತು ನೆನೆದು ಮಗಳನ್ನು ಕರೆದುಕೊಂಡು ಮಾನ್ವಿಗೆ ನಡೆದೆ. ಆಕೆ ಏನೂ ಕೇಳದೆ ಗಿರಣಿಯಲ್ಲಿ ತನ್ನ ಪಕ್ಕದಲ್ಲಿ ಕೂರಿಸಿ ಕೈಗೆ ಮೊರ ಕೊಟ್ಟಳು. ಕೆಲವು ವರ್ಷದ ಮೇಲೆ ರಾಯಚೂರಿನಲ್ಲಿ ಹೆಣ್ಣುಮಕ್ಕಳ ಒಂದು ಹಾಸ್ಟೆಲಿನಲ್ಲಿ ಅಡಿಗೆಯ ಕೆಲಸ ಸಿಕ್ಕಿತು. ಮಗಳು ಅಲ್ಲೇ ಆ ಹುಡುಗಿಯರ ನಡುವೆ ಓದಿ ನರ್ಸ್ ಆದಳು. ಜನ ಇದಕ್ಕೇ ದಾರಿ ತೆರೆಯಿತು ಎನ್ನುತ್ತಾರೆ. ಶ್ರೀಶೈಲಕ್ಕೆ ನಡೆಯದಿದ್ದರೆ ಗುರವ್ವ ಸಿಗುತ್ತಿರಲಿಲ್ಲ, ಅದು ಸುಳ್ಳಲ್ಲ. ನಡೆದದ್ದಕ್ಕೇ ಮನೆಯಿಂದ ಹೊರಗೆ ಬಿದ್ದೆ ಎನ್ನುವುದೂ ಸುಳ್ಳಲ್ಲ. ಮೊದಲನೆಯದನ್ನು ಹೇಳುವವರು ಎರಡನೆಯದು ಬಂದಾಗ ಮಾತು ಬದಲಿಸುತ್ತಾರೆ.

ಇನ್ನೊಂದು ಹೇಳಬೇಕು. ಗಂಡ ಸೋದರಮಾವನ ಮಗಳನ್ನು ಮಾಡಿಕೊಂಡ. ಆಕೆಗೆ ಮೊದಲನೆಯದೇ ಗಂಡು ಹುಟ್ಟಿತು. ಅತ್ತೆ ಊರಿಗೆಲ್ಲ ಸಕ್ಕರೆ ಹಂಚಿ, ನಡಿಗೆ ಫಲ ಕೊಟ್ಟಿತು ಎಂದಳಂತೆ. ಮೊಮ್ಮಗ ಬೇಕೆಂದು ಹರಕೆ ಹೊತ್ತವಳು ಆಕೆ. ಯಾರ ಹೊಟ್ಟೆಯಲ್ಲಿ ಎಂದು ಆಕೆಯೂ ಹೇಳಿರಲಿಲ್ಲ, ಮಲ್ಲಯ್ಯನೂ ಕೇಳಿರಲಿಕ್ಕಿಲ್ಲ.

ಎಂಬತ್ತರ ದಶಕದ ಕೊನೆಗೆ, ಯುಗಾದಿ ಇನ್ನೂ ದೂರವಿದ್ದಾಗ, ಅತ್ತೆ ರಾಯಚೂರಿನ ನನ್ನ ಖೋಲಿ ಹುಡುಕಿಕೊಂಡು ಬಂದಳು. ಹಣ್ಣು ಮುದುಕಿಯಾಗಿದ್ದಳು. ಮಗಳು ಚಹಾ ಮಾಡಿ ಕೊಟ್ಟಳು. ಮೊಮ್ಮಗ ಇಲ್ಲಿಯೇ ದವಾಖಾನೆಯಲ್ಲಿದ್ದಾನೆ, ಜ್ವರ ಬಿಡುತ್ತಿಲ್ಲ ಎಂದಳು. ಕೈಯಲ್ಲಿದ್ದ ಒಂದು ಸೀರೆಯ ಅಂಚನ್ನು ನನ್ನ ಮಡಿಲಲ್ಲಿ ಇಟ್ಟಳು.

"ಇನ್ನೊಂದು ಸಲ ನನ್ನ ಹೆಸರಲೆ ನಡಿ ಯವ್ವಾ. ನಿನಗ ಏನೂ ಆಗಂಗಿಲ್ಲ. ಹೋದ ಸಲದಾಂಗ ನೋವೆಲ್ಲ ನನಗೇ ಬರಲಿ. ಮುಳ್ಳು ಹೊಕ್ಕರೂ ನನಗೇ ಹೊಗಲಿ."

ಮಗಳು ನನ್ನ ಮುಖ ನೋಡಿದಳು. ನಾನು ಹೇಳಿದ್ದನ್ನು ಆಕೆ ಆವತ್ತಿನತನಕ ಅರ್ಧವೂ ನಂಬಿರಲಿಲ್ಲ.

"ಈ ಮಾತು ಅವತ್ತು ಹಿರ್‍ಯಾರ ಮುಂದ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

ಸುಳ್ಳು ಹೇಳುತ್ತಾಳೆ ಎಂದುಕೊಂಡಿದ್ದೆ. ಹೇಳಲಿಲ್ಲ. "ಹೇಳಿದ್ರ ನಿನ್ನ ಕಳಿಸಾಕ ಬರ್ತಿರಲಿಲ್ಲ" ಎಂದಳು. "ನನಗ ಮೊಮ್ಮಗ ಬೇಕಾಗಿತ್ತು."

ಅಂಚು ಮಡಿಸಿ ಆಕೆಯ ಕೈಗೇ ಕೊಟ್ಟೆ. "ನಾ ನಡಿಯಂಗಿಲ್ಲ ಅತ್ತಿ. ಚಾ ಕುಡೀರಿ, ಆರತದ" ಎಂದೆ. ಆಕೆ ಪೂರ್ತಿ ಕುಡಿದಳು. ಬಯ್ಯಲಿಲ್ಲ, ಅಳಲಿಲ್ಲ. ಮಗಳು ದವಾಖಾನೆಯತನಕ ಬಿಟ್ಟು ಬಂದಳು.

ಹುಡುಗ ಗುಣವಾದ. ಯಾರೂ ನಡೆಯಲಿಲ್ಲ, ಔಷಧದಿಂದ ಆದ. ಹಾಗಾದರೆ ಅವನು ಹುಟ್ಟಿದ್ದೂ ನನ್ನ ನಡಿಗೆಯಿಂದಲ್ಲ ಎಂದು ನನಗೆ ಒಂದು ದಿನ ಸಮಾಧಾನವಾಗುತ್ತದೆ. ಮರುದಿನ ಆಕೆಯ ಹಿಮ್ಮಡಿಯ ತೂತು ಕಣ್ಣ ಮುಂದೆ ಬರುತ್ತದೆ. ಅಷ್ಟು ದೂರ ನಡೆದವಳು ನಾನು, ಆ ದಾರಿ ಎಷ್ಟು ಸುಡುತ್ತದೆ ಎಂದು ತಿಳಿದದ್ದು ಹೊಸ್ತಿಲು ದಾಟದವಳಿಗೆ. ಯಾಕೆ, ಹೇಗೆ ಎಂದು ಕೇಳಿದರೆ ಗೊತ್ತಿಲ್ಲ. ಇನ್ನೊಂದು ಸಲ ಆ ಅಂಚು ಕಟ್ಟಿಕೊಂಡು ನಡೆದಿದ್ದರೆ ಬಹುಶಃ ಗೊತ್ತಾಗುತ್ತಿತ್ತು. ಅದು ತಿಳಿಯದೇ ಹೋದರೂ ಹೋಗಲಿ ಎಂದು ಸುಮ್ಮನೆ ಕೂತೆ.