ಬರಬೇಡಿ ಎಂದು ಹೇಳಿ ಬಂದವನು

ಹಲಸೂರಿನ ಮುನಿರಾಜಪ್ಪ ಇಪ್ಪತ್ತು ವರ್ಷದಿಂದ ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಕಾಲೇಜಿನಲ್ಲಿ ಜವಾನ. ಗಂಟೆ ಹೊಡೆಯುವುದು, ಬೆಂಚು ಒರೆಸುವುದು ಅವನ ಕೆಲಸ. ಕುಡಿಯುವ ನೀರಿನ ಹೂಜಿಯನ್ನು ಮಾತ್ರ ಅವನು ಮುಟ್ಟುವಂತಿರಲಿಲ್ಲ. ಅದಕ್ಕೆ ಮೇಲಿನ ಜಾತಿಯ ಇನ್ನೊಬ್ಬ ಜವಾನನಿದ್ದ. ಬಾಯಾರಿದರೆ ಮುನಿರಾಜಪ್ಪ ಗೇಟಿನಾಚೆಯ ನಲ್ಲಿಗೆ ಹೋಗಿಬರುತ್ತಿದ್ದ. ದೂರಬೇಕಿತ್ತು, ಆದರೆ ಅದು ಅವನ ಜಾಯಮಾನವಲ್ಲ.

ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದವಳು ಮಗಳು ಶಾಂತಕುಮಾರಿ ಒಬ್ಬಳೇ. ಅದೇ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಳು. ತಾನು ಒರೆಸಿದ ಬೆಂಚಿನಲ್ಲಿ ಅವಳು ಕೂತಿರುವುದನ್ನು ದಿನಕ್ಕೊಮ್ಮೆ ಕಿಟಕಿಯಿಂದ ನೋಡದಿದ್ದರೆ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಮುಂದೆ ಬಿ.ಎಸ್ಸಿ. ಓದುತ್ತೇನೆಂದು ಅವಳ ಹಟ. ಅಲ್ಲೇ ಬಿ.ಎಸ್ಸಿ. ತೆರೆದರೆ ಅವಳ ಓದು ಮುಂದುವರಿಯುತ್ತದೆ, ಮಗಳು ಮನೆಯಲ್ಲೇ ಇರುತ್ತಾಳೆ. ತೆರೆಯಲು ವಿಶ್ವವಿದ್ಯಾನಿಲಯದ ಅನುದಾನ ಬೇಕಿತ್ತು.

ಬ್ರಿಟಿಷರ ಕೈಯಲ್ಲಿದ್ದ ದಂಡು ಮೈಸೂರು ಸಂಸ್ಥಾನಕ್ಕೆ ಸೇರಿ ಆಗಷ್ಟೇ ವರ್ಷವಾಗಿತ್ತು. ದಂಡಿನವರು ನಮಗೆ ಓಟು ಹಾಕಲಿಲ್ಲ, ಅವರ ಕಾಲೇಜಿಗೆ ನಮ್ಮ ತೆರಿಗೆ ದುಡ್ಡೇಕೆ ಎಂದು ಚುನಾವಣೆಯಲ್ಲಿ ಗೆದ್ದ ಪಕ್ಷದವರೊಬ್ಬರು ತಕರಾರು ತೆಗೆದಿದ್ದರು. ಅಲ್ಲಿ ಓದುವವರು ಕೇರಿಯವರು, ಸಾಬರು ತಾನೇ ಎಂದು ಇನ್ನೊಬ್ಬರು ಮೂಗು ಮುರಿದಿದ್ದರು. ಅನುದಾನಕ್ಕೆ ಮೊದಲು ಕಾಲೇಜು ನೋಡಲು ಬರುವ ತಪಾಸಣೆ ಸಮಿತಿಯಲ್ಲಿ ಇಬ್ಬರೂ ಇದ್ದರು. ಈ ಸುದ್ದಿ ಕಿವಿಗೆ ಬಿದ್ದದ್ದೇ ಪ್ರಿನ್ಸಿಪಾಲರಿಗೆ ಒಂದು ಜಾಣತನ ಹೊಳೆಯಿತು. ಎಂಥ ಮನೆಹಾಳು ಜಾಣತನವೆಂಬುದು ಆಮೇಲೆ ಗೊತ್ತಾಯಿತು.

ತಪಾಸಣೆಯ ಹಿಂದಿನ ದಿನ ಅವರು ಮುನಿರಾಜಪ್ಪನನ್ನು ಕರೆದರು. “ನಾಳೆ ಒಂದಿನ ನಿಮ್ಮ ಕೇರಿ ಮಕ್ಕಳು, ಶಿವಾಜಿನಗರದ ಸಾಬರ ಮಕ್ಕಳು ಯಾರೂ ಬರೋದು ಬೇಡಪ್ಪ. ಕಮಿಟಿಯವರ ಕಣ್ಣಿಗೆ ಬಿದ್ರೆ ಬಿ.ಎಸ್ಸಿ. ಕೈತಪ್ಪುತ್ತೆ. ನಿನ್ ಮಗಳಿಗೋಸ್ಕರಾನೇ ಹೇಳ್ತಿರೋದು.”

ಮಗಳ ಹೆಸರೆತ್ತಿದ ಮೇಲೆ ಅವನು ಒಪ್ಪಿದ. ಅಂದು ಸಂಜೆ ಹತ್ತೊಂಬತ್ತು ಮನೆಗಳ ಬಾಗಿಲು ತಟ್ಟಿದ. ಶಿವಾಜಿನಗರದಲ್ಲಿ ಮಗಳ ಸಹಪಾಠಿ ಜಹನಾರಾಳ ತಾಯಿ ಬದ್ರುನ್ನೀಸಾ ಕಾರಣ ಕೇಳಲಿಲ್ಲ. ಆಯಿತೆಂದು ಪರದೆ ಎಳೆದುಕೊಂಡರು. ಯಾರಾದರೂ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಕೊನೆಗೆ ತನ್ನ ಮನೆಗೆ ಬಂದ.

“ನಾನ್ ಕ್ಲಾಸಲ್ಲಿ ಕೂತ್ರೆ ಯಾರಿಗೆ ಏನಾಗತ್ತಪ್ಪಾ?” ಎಂದು ಶಾಂತಕುಮಾರಿ ಕೇಳಿದಳು.

“ಒಂದಿನ ತಾನೇಮ್ಮಾ” ಎಂದ. ಅವಳು ಅವನ ಮುಖವನ್ನೇ ನೋಡಿ ಪುಸ್ತಕ ಮುಚ್ಚಿಟ್ಟಳು.

ಮರುದಿನ ಸಮಿತಿ ಬಂತು. ಲೆಕ್ಕಕ್ಕೆ ಅದೇ ಸಾಕೆಂದು ಪ್ರಿನ್ಸಿಪಾಲರು ಹಾಜರಿ ಪುಸ್ತಕ ಮುಂದಿಟ್ಟರು, ಅದರಲ್ಲಿ ನಲವತ್ತಮೂರು ಹೆಸರು. ಸಮಿತಿಯವರು ಪುಸ್ತಕ ಬಿಟ್ಟು ಬೆಂಚುಗಳತ್ತ ನಡೆದರು. ನಲವತ್ತಕ್ಕೆ ಕಡಿಮೆಯಾದರೆ ಹೊಸ ತರಗತಿಯಿಲ್ಲವೆಂಬುದು ನಿಯಮ, ಕೂತಿದ್ದವರು ಇಪ್ಪತ್ತನಾಲ್ಕು. ಬೇಡವೆನ್ನಲು ನೆಪ ಹುಡುಕುತ್ತಿದ್ದವರಿಗೆ ಪ್ರಿನ್ಸಿಪಾಲರೇ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು. ಓದುವ ಮಕ್ಕಳೇ ಇಲ್ಲ, ಅನುದಾನ ಅನವಶ್ಯಕ ಎಂದು ತಿಂಗಳೊಳಗೆ ಪತ್ರ ಬಂತು. ಕಿಟಕಿಯಾಚೆ ನಿಂತು ಆ ಖಾಲಿ ಬೆಂಚುಗಳನ್ನು ನೋಡಿದ್ದ ಮುನಿರಾಜಪ್ಪನಿಗೆ ಪತ್ರದ ವಿಷಯ ಬೇರೆಯವರು ಹೇಳಬೇಕಾಗಿರಲಿಲ್ಲ.

ಶಾಂತಕುಮಾರಿ ಮೊದಲ ದರ್ಜೆಯಲ್ಲಿ ಪಾಸಾದಳು. ಪೇಟೆಯ ಕಾಲೇಜಿಗೆ ಕಳಿಸುವ ತ್ರಾಣ ಅವನಿಗಿರಲಿಲ್ಲ. ಅವಳು ನರ್ಸ್ ತರಬೇತಿಗೆಂದು ಕೋಲಾರದ ಚಿನ್ನದ ಗಣಿಯ ಆಸ್ಪತ್ರೆಗೆ ಹೊರಟಳು. ರೈಲು ಹತ್ತುವಾಗಲೂ ಅವನನ್ನು ಬೈಯಲಿಲ್ಲ. ಅದೇ ಅವನನ್ನು ತಿಂದುಹಾಕಿತು. ಒಬ್ಬನಿಗೆಂದು ಒಲೆ ಹಚ್ಚಲು ಬೇಸರವಾಗಿ ಎಷ್ಟೋ ಸಂಜೆ ಬನ್ನು ನೆನೆಸಿ ತಿಂದು ಮಲಗುತ್ತಿದ್ದ. ಬೆಳಿಗ್ಗೆ ಅವಳ ಬೆಂಚನ್ನು ಎರಡು ಸಲ ಒರೆಸುತ್ತಿದ್ದ.

ಮರುವರ್ಷ ಇನ್ನೊಂದು ಸಮಿತಿ ಬರುವುದೆಂದಾಯಿತು. ಪ್ರಿನ್ಸಿಪಾಲರು ಅವನನ್ನು ಮತ್ತೆ ಕರೆದು, ಈ ಸಲ ಯಾರನ್ನೂ ಬಿಡದೆ ಕರೆತರಬೇಕೆಂದರು, ಪಾಸಾದವರೂ ಬಿ.ಎಸ್ಸಿ. ಬೇಕೆಂದು ಬಂದು ಕೂರಲಿ ಎಂದರು. ಅವನು ಅವೇ ಹತ್ತೊಂಬತ್ತು ಬಾಗಿಲು ತಟ್ಟಿದ. ಜಹನಾರಾ ಮದುವೆಯಾಗಿ ವಾಣಿಯಂಬಾಡಿಗೆ ಹೋಗಿದ್ದಳು. ಹುಡುಗರು ಕಾರ್ಖಾನೆ ಸೇರಿದ್ದರು. ಅವರ ತಮ್ಮಂದಿರು, ತಂಗಿಯರನ್ನು ಯಾರೂ ಆ ಕಾಲೇಜಿಗೆ ಸೇರಿಸಿರಲಿಲ್ಲ. ಹತ್ತೊಂಬತ್ತನೆಯ ಮನೆಯ ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

ಎಲ್ಲಿ ಅವರೆಲ್ಲ ಎಂದು ಪ್ರಿನ್ಸಿಪಾಲರು ಕೇಳಿದರು.

“ಬರಬೇಡಿ ಅಂತ ಆವತ್ತು ನಾನೇ ಹೇಳಿಬಂದಿದ್ನಲ್ಲ ಸಾರ್” ಎಂದ ಮುನಿರಾಜಪ್ಪ. “ನನ್ನ ಮಾತು ನಡೆಸಿಕೊಟ್ರು.”