ಡಿಶ್ ಅಣ್ಣ ಬರೆದ ಮಳೆ

ಡಿಶ್ ಅಣ್ಣನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಕೇಬಲ್ಲಿನ ಸಿಪ್ಪೆಯನ್ನು ಅವರು ಸುಲಿಯುತ್ತಿದ್ದುದು ಅದೇ ಉಗುರಿನಿಂದ. "ಬ್ಲೇಡ್ ಇಲ್ವಾ ಅಣ್ಣ?" ಎಂದರೆ, "ತಂತಿ ಎಲ್ಲಿ ಶುರುವಾಗುತ್ತೆ ಅಂತ ಬ್ಲೇಡಿಗೆ ಗೊತ್ತಾಗಲ್ಲ ಸಿಸ್ಟರೇ, ಉಗುರಿಗೆ ಗೊತ್ತಾಗುತ್ತೆ" ಎನ್ನುವರು.

ಶಿರಂಗಾಲದ ರೈತರ ಮನೆಯವರು. ನಾನು ನರ್ಸಾಗಿದ್ದ, ಶ್ರೀಮಂಗಲದಾಚೆಯ ಎಸ್ಟೇಟ್ ಆಸ್ಪತ್ರೆಯ ತಾರಸಿಯಲ್ಲಿ ಉಪಗ್ರಹದ ಡಿಶ್ಶೂ ಒಳಗೆ ಅದರ ಮೋಡೆಮ್ಮೂ ಇದ್ದವು. ಎರಡನ್ನೂ ನೋಡಿಕೊಳ್ಳಲು ಎರಡು ತಿಂಗಳಿಗೊಮ್ಮೆ ಬಸ್ಸು ಹಿಡಿದು ಬರುತ್ತಿದ್ದರು. ಮೋಡೆಮ್ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗುವರು. "ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿಂದ ಬರೋ ಮಾತು ಕಣ್ರೀ. ಚಪ್ಪಲಿ ಕಾಲಲ್ಲಿ ಕೇಳೋಕಾಗುತ್ತಾ?" ನಾನು ನಗುತ್ತಿದ್ದೆ.

ಒಮ್ಮೆ ನನಗೂ ಬಿಡಿಸಿ ಹೇಳಿದರು. ನಾವು ಕಳಿಸುವುದನ್ನೆಲ್ಲ ಮೋಡೆಮ್ ಸೊನ್ನೆ ಮತ್ತು ಒಂದುಗಳ ಸಾಲಾಗಿ ಪಡೆದು, ದಾರಿಯಲ್ಲಿ ಕೆಟ್ಟರೆ ತಿದ್ದಿಕೊಳ್ಳಲೆಂದು ಒಂದಿಷ್ಟು ಹೆಚ್ಚಿನ ಗುರುತು ಸೇರಿಸಿ, ರೇಡಿಯೋ ಅಲೆಯ ಮೇಲೆ ಹೊರಿಸಿ ಕಳಿಸುತ್ತದಂತೆ. ಮೇಲಿನಿಂದ ಬರುವುದು ಪಿಸುಮಾತಿಗಿಂತಲೂ ಸಣ್ಣದು. ಅದನ್ನು ಗದ್ದಲದಿಂದ ಹೆಕ್ಕಿ, ಆ ಗುರುತು ನೋಡಿ ತಪ್ಪು ತಿದ್ದಿ, ಮತ್ತೆ ಅಕ್ಷರವೋ ಚಿತ್ರವೋ ಮಾಡಿಕೊಡುತ್ತದೆ. "ಕಾಫಿ ಪಿಕ್ಕಿಂಗ್ ದಿನ ಲೆಕ್ಕ ಬರೆಯೋ ನಿಮ್ಮ ರೈಟರು ತೂಕ ಕೂಗಿ, ಹೆಂಗಸರ ಬಾಯಲ್ಲಿ ಇನ್ನೊಂದ್ಸಲ ಹೇಳಿಸಲ್ವಾ? ಹಂಗೇ." ಅಬ್ಬಾ, ಆ ಪುಟ್ಟ ಪೆಟ್ಟಿಗೆಗೆ ಇಷ್ಟು ವಿದ್ಯೆಯೇ ಎಂದು ನನಗೆ ಮೈ ಜುಮ್ಮೆಂದಿತು.

ಆ ಮಳೆಗಾಲ ನಾನೊಂದು ಘನಂದಾರಿ ಕೆಲಸ ಮಾಡಿದೆ. ಜೂನ್ ಬಂತೆಂದರೆ ನಮ್ಮಲ್ಲಿ ಸೌದೆಗೆ, ಬೈಕಿಗೆ, ನಾಯಿಗೂಡಿಗೆ, ಎಲ್ಲಕ್ಕೂ ತಾರ್ಪಾಲು. ಪಾಪ, ಡಿಶ್ಶೊಂದೇ ನೆನೆಯುತ್ತಿದೆಯಲ್ಲ ಎಂದು ಒಂದು ಸಂಜೆ ಕಾಫಿ ಕಣದ ಹಳೇ ತಾರ್ಪಾಲು ತಂದು ಅದಕ್ಕೂ ಬಿಗಿದು ಕಟ್ಟಿದೆ.

ಮರುದಿನ ಬೆಳಿಗ್ಗೆ ತೋಟದ ಕೆಲಸದ ಹೆಂಗಸೊಬ್ಬಳನ್ನು ಎದೆನೋವೆಂದು ಕೂಲಿಯವರ ಲೈನ್‌ಮನೆಯಿಂದ ಹೊತ್ತು ತಂದರು. ಮರ ಬಿದ್ದು ರಸ್ತೆ ಬಂದ್, ಮೊಬೈಲ್ ನೆಟ್‌ವರ್ಕ್ ಸತ್ತಿತ್ತು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ನಮ್ಮಲ್ಲೇ ಇತ್ತು; ಆದರೆ ಮೈಸೂರಿನ ಹೃದಯದ ಡಾಕ್ಟರು ಇಸಿಜಿ ನೋಡಿ ಹೂಂ ಎನ್ನದೆ ಕೊಡುವಂತಿರಲಿಲ್ಲ. ನಮ್ಮ ಡಾಕ್ಟರು ಇಸಿಜಿ ಕಳಿಸಲು ಕೂತರೆ ಮೋಡೆಮ್ಮಿನ ದೀಪ ಬರೀ ಮಿಣುಕುತ್ತಿದೆ. ಆಕೆ ಬೆವರುತ್ತಿದ್ದಳು.

ಅಂದು ಡಿಶ್ ಅಣ್ಣ ಬರುವ ದಿನ. ಬಸ್ಸು ನಿಂತ ತಿರುವಿನಿಂದ, ಬಿದ್ದ ಮರ ದಾಟಿ ನಡೆದೇ ಬಂದರು. ವಿಷಯ ಕೇಳಿದವರೇ ತಾರಸಿಗೆ ಓಡಿದರು, ಹಿಂದೆಯೇ ನಾನು.

"ಯಾರ್ರೀ ಇದಕ್ಕೆ ಕಂಬಳಿ ಕೊಪ್ಪೆ ಹಾಕಿದ್ದು?"

"ನಾನೇ ಅಣ್ಣ... ನೆನೆಯುತ್ತಲ್ಲ ಅಂತ."

"ಒದ್ದೆ ತಾರ್ಪಾಲು ಅಡ್ಡ ಇದ್ರೆ ಇದಕ್ಕೆ ಕಿವೀನೂ ಇಲ್ಲ, ಬಾಯೀನೂ ಇಲ್ಲ ಸಿಸ್ಟರೇ!" ಎಂದು ಹಗ್ಗ ಕುಯ್ದರು.

ಕೆಳಗೆ ಬಂದು, ಆ ಗಡಿಬಿಡಿಯಲ್ಲೂ ಚಪ್ಪಲಿ ಬಿಟ್ಟರು. ಮಳೆ ಇನ್ನೂ ಜೋರಾಗಿತ್ತು. "ಈ ಮಳೇಲಿ ನಿಧಾನಕ್ಕೆ ಮಾತಾಡಿಸ್ಬೇಕು" ಎಂದು ವೇಗ ಇಳಿಸಿದರು. ಮೊದಲು ಬರುವ ಸಿಗ್ನಲ್ಲಿನ ದೀಪ ಮಿಣುಕುವುದು ಬಿಟ್ಟು ಸ್ಥಿರವಾಗಿ ಉರಿಯಿತು, ಆಮೇಲೆ ಹೋಗುವುದರದು. ಮಂಚದ ಮೇಲಿನ ಆ ಹೆಂಗಸಿನ ಎದೆಬಡಿತದ ಗೆರೆಗಳು ಆಕಾಶಕ್ಕೇರಿ ಮೈಸೂರಿಗೆ ಇಳಿದವು. ನಾನೂ ಯಾವಾಗಲೋ ಚಪ್ಪಲಿ ಬಿಟ್ಟು ನಿಂತಿದ್ದೆ. ಉತ್ತರ ಬಂತು: ಕೊಡಿ. ಇಂಜೆಕ್ಷನ್ ನಾನೇ ಕೊಟ್ಟೆ. ಆಕೆ ಬದುಕಿದಳು.

ಏನಾಗಿತ್ತೆಂದು ಡಾಕ್ಟರು ಕೇಳಿದರು. ಡಿಶ್ ಅಣ್ಣ ರಿಜಿಸ್ಟರ್ ತೆರೆದು, ಕಾರಣ ಎಂಬಲ್ಲಿ 'ಮಳೆ' ಎಂದು ಬರೆದು ಸಹಿ ಹಾಕಿದರು. ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ತಿಥಿಗೆ ಶಿರಂಗಾಲಕ್ಕೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನೀವೇನಾ ಆ ಸಿಸ್ಟರು? ಅವತ್ತು ಅಲ್ಲಿ ಮಳೆ ಅಂದ್ರೆ ಮಳೆಯಂತೆ, ಸಿಗ್ನಲ್ಲೇ ಹೋಗಿತ್ತಂತೆ. ಹೇಳ್ತಾನೇ ಇರೋರು" ಅಂದರು.

ಮನೆಯಲ್ಲೂ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ ಆ ಮನುಷ್ಯ.

"ಮಳೆ ಅಲ್ಲ ಅಕ್ಕ," ಅಂದೆ. "ನಾನು."